ಸದ್ದಿಲ್ಲದ ನೀರು

ಅಕ್ಕನ ಮನೆಯ ಗಾಜಿನ ತೊಟ್ಟಿಯ ಹನ್ನೊಂದು ಮೀನುಗಳಲ್ಲಿ ಎಂಟು ಸತ್ತು ತೇಲುತ್ತಿದ್ದವು. ಉಳಿದ ಮೂರು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಕೊಲೆ ಕಣೇ ಇದು!" ಎಂದಳು ಅಕ್ಕ.

ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದ ತಂಗಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೂರು ವಾರಕ್ಕೆ ಸಿಕ್ಕಿದ ಒಂದೇ ಒಂದು ರಜೆ. ಅದರಲ್ಲೂ ಮೀನಿನ ಪಂಚನಾಮೆ!

"ಇನ್ಯಾರು? ಇವಳೇ," ಭಾವ ಕೆಲಸದಾಕೆಯತ್ತ ಬೆರಳು ತೋರಿಸಿದ. ಭಾವನದು ಪಿಯಾನೊ ಶ್ರುತಿ ಮಾಡುವ ಕೆಲಸ. ಮಾತೂ ಅಷ್ಟೇ ಬಿಗಿ. "ನಿನ್ನೆ ಬೈದಿದ್ದೆ. ಫಿನಾಯಿಲ್ ಸುರಿದು ಸೇಡು ತೀರಿಸ್ಕೊಂಡಿದ್ದಾಳೆ. ಮಗಳು ಸ್ಕೂಲಿಂದ ಬರೋದ್ರೊಳಗೆ ಇವಳು ಮನೇಲಿರಬಾರದು."

ಕೆಲಸದಾಕೆ ಅಡುಗೆಮನೆ ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದಳು. "ವಿಷ ಹಾಕಿದವಳು ಅನ್ನಿಸ್ಕೊಂಡು ಹೋದ್ರೆ ಈ ಬಿಲ್ಡಿಂಗಲ್ಲಿ ಇನ್ಯಾರು ನನ್ನ ಒಳಗೆ ಬಿಟ್ಕೋತಾರೆ ಮೇಡಂ? ಆರು ಮನೆ ಕೆಲಸ ಇದೆ ನಂಗೆ."

* * *

ಠಾಣೆಯಲ್ಲೂ ಒಂದು ಮೀನಿನ ತೊಟ್ಟಿ ಇತ್ತು. ಅದರ ಚಾಕರಿಯೂ ಇನ್‌ಸ್ಪೆಕ್ಟರ್ ಹಣೆಬರಹವೇ. ಅವಳು ಅಕ್ಕನ ತೊಟ್ಟಿಯ ಗಾಜಿನ ಮುಚ್ಚಳ ಎತ್ತಿ ಮೂಸಿದಳು. ಫಿನಾಯಿಲ್ ವಾಸನೆ ಇಲ್ಲ. ಬಸವನಹುಳುಗಳು ಗಾಜಿನ ಮೇಲೆ ಆರಾಮಾಗಿ ತೆವಳುತ್ತಿದ್ದವು.

"ಮೀನನ್ನ ಕೊಂದು ಹುಳುವನ್ನ ಬಿಟ್ಟ ಫಿನಾಯಿಲ್ಲಾ? ಚೆನ್ನಾಗಿದೆ ಭಾವ."

"ಹಾಗಾದ್ರೆ ಸ್ವಿಚ್ ಆರಿಸಿದ್ದಾಳೆ!"

ಗಾಜಿನ ಅಂಚಿಗೆ ನೇತುಹಾಕಿದ್ದ ಫಿಲ್ಟರ್ ಓಡುತ್ತಲೇ ಇತ್ತು. ಆದರೆ ನೀರು ಬೀಳುವ ಸದ್ದಿಲ್ಲ. ಅವಳು ಬಗ್ಗಿ ನೋಡಿದಳು. ನೀರು ದಿನವೂ ನಿಲ್ಲುವ ಮಟ್ಟದಲ್ಲಿ ಗಾಜಿಗೆ ಬಿಳಿ ಕರೆ ಕಟ್ಟಿತ್ತು. ಈಗ ನೀರು ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಫಿಲ್ಟರಿನ ಬಾಯಿವರೆಗೆ!

"ಯಾರೋ ನಲ್ಲಿಯಿಂದ ನೇರವಾಗಿ ನೀರು ಹಿಡಿದು ಸುರಿದಿದ್ದಾರೆ," ಎಂದಳು, ಬೇಕೆಂದೇ ಜೋರಾಗಿ. "ಅದರಲ್ಲಿರೋ ಕ್ಲೋರಿನ್ನೇ ಕೊಂದಿದೆ."

"ಏನಿಲ್ಲ! ಕ್ಲೋರಿನ್ ಹೋಗ್ಲಿ ಅಂತ ಎರಡು ದಿನ ತೆರೆದಿಟ್ಟಿದ್ದ ನೀರೇ ನಾನು ಹಾಕಿದ್ದು!" ಎಂದುಬಿಟ್ಟ ಭಾವ.

ಅಕ್ಕ ಗಂಡನನ್ನೇ ದುರುಗುಟ್ಟಿ ನೋಡಿದಳು.

* * *

ಇನ್‌ಸ್ಪೆಕ್ಟರ್ ಮಗ್ ತಗೊಂಡು ನೀರು ಮೊಗೆಯತೊಡಗಿದಳು. ಮಟ್ಟ ಇಳಿಯಿತು. ಫಿಲ್ಟರಿನಿಂದ ನೀರು ಮತ್ತೆ ಜಳಜಳ ಬೀಳತೊಡಗಿತು.

"ಮೇಲಿಂದ ನೀರು ಬಿದ್ದು ಮೇಲ್ಮೈ ಕಲಕಿದ್ರೇನೇ ಗಾಳಿ ಒಳಗೆ ಬೆರೆಯೋದು ಭಾವ. ಬಾಯಿಮಟ್ಟ ತುಂಬಿಸಿದ್ರಿ, ನೀರು ಸುಮ್ನೆ ಜಾರಿಕೊಂಡು ಹೋಯ್ತು. ಮೇಲೆ ಮುಚ್ಚಳ ಬೇರೆ. ರಾತ್ರಿ ಒಳಗಿರೋ ಗಿಡಗಳೂ ಆಮ್ಲಜನಕ ಎಳ್ಕೊಳ್ತವೆ. ಉಸಿರುಕಟ್ಟಿ ಸತ್ತಿವೆ, ಪಾಪ. ಯಾಕೆ ತುಂಬಿಸಿದ್ರಿ?"

"ಆ ಜಳಜಳ ಸದ್ದಲ್ಲಿ ಶ್ರುತಿ ಹಿಡಿಯೋದು ಹೇಗೆ? ಪಿಯಾನೊ ಇವತ್ತೇ ಕೊಡ್ಬೇಕಿತ್ತು," ಭಾವ ಗೊಣಗಿದ. "ಹೀಗಾಗುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಗೊತ್ತಾಗದೆ ಆಯ್ತು, ಸರಿ. ಇವಳ ತಲೆಗೆ ಯಾಕೆ ಕಟ್ಟಿದ್ರಿ?"

ಕೆಲಸದಾಕೆ ಮೊದಲ ಸಲ ಮುಂದೆ ಬಂದಳು.

"ನಿನ್ನೆ ಸಂಜೆ ಎರಡು ಸಲ ಹೇಳಿದೆ ಅಣ್ಣ. ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ ನೋಡಿ ಅಂತ. ಅದಕ್ಕೇ ತಾನೆ ಬೈದಿದ್ದು? ಅಷ್ಟು ಹೇಳಿದ್ದು ಕೇಳಿಸ್ಲಿಲ್ವಾ?"

ಭಾವ ತಲೆ ತಗ್ಗಿಸಿದ. "ಕೇಳಿಸ್ತು," ಎಂದ. "ಹೊಸ ಮೀನಲ್ಲ, ಮಗಳು ಮೂರು ವರ್ಷದಿಂದ ಸಾಕಿದ್ದು. ನಾನೇ ಮಾಡಿದ್ದು ಅಂತ ಅವಳ ಮುಖ ನೋಡಿ ಹೇಳೋ ಧೈರ್ಯ ಬರ್ಲಿಲ್ಲ."

ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಮಗಳ ಎರಡು ಹನಿ ಕಣ್ಣೀರಿಗೆ ಹೆದರಿ ಒಬ್ಬಳ ಅನ್ನವನ್ನೇ ಕಿತ್ತುಕೊಳ್ಳಲು ಹೊರಟಿದ್ದನಲ್ಲ, ಈ ಮನುಷ್ಯ!

ಮೂರೂ ಮೀನುಗಳು ನಿಧಾನವಾಗಿ ಕೆಳಕ್ಕಿಳಿದವು. ಹೊರಗೆ ಸ್ಕೂಲ್ ಬಸ್ ನಿಂತ ಸದ್ದಾಯಿತು.

"ಏನೋ ತಪ್ಪಾಯ್ತು. ನೀನು ನಾಳೆಯಿಂದ ಮಾಮೂಲಿನಂತೆ ಬಾ," ಎಂದ ಭಾವ, ಅವಸರವಸರವಾಗಿ.

ಕೆಲಸದಾಕೆ ಚೀಲವನ್ನು ಕುರ್ಚಿಯ ಮೇಲಿಟ್ಟಳು.

"ನಾಳೆ ಮಾತು ಆಮೇಲೆ ಅಣ್ಣ. ಈಗ ನಾನು ಇಲ್ಲೇ ನಿಂತಿರ್ತೀನಿ. ಯಾರು ಮಾಡಿದ್ದು ಅಂತ ಮಗೂಗೆ ನೀವೇ ಹೇಳಿ, ನನ್ನೆದುರಿಗೆ."