ದ್ರಾಕ್ಷಾಯಿಣಿಯ ಎಡಗಡೆ

ಭಾಗ್ಯನಗರದ ಕೂದಲು ಕಾರ್ಖಾನೆಯ ಒಡತಿ ಪಂಪಾವತಮ್ಮ ದುಡ್ಡೆಣಿಸುವ ಗಲ್ಲೆಯ ಮೇಲೆ ಬೋರಲಾಗಿ ಬಿದ್ದಿದ್ದರು. ಪಕ್ಕದಲ್ಲಿ ಐದು ಕಿಲೋದ ತೂಕದ ಕಲ್ಲು, ಅದರ ಮೇಲೆ ರಕ್ತ. ಉಳಿದ ಹೆಂಗಸರು ಅಂಗಳದ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದಾಗ ಒಳಗಿದ್ದವಳು ದ್ರಾಕ್ಷಾಯಿಣಿ ಒಬ್ಬಳೇ. ನಾಲ್ಕು ಮೊಳ ದೂರದಲ್ಲಿ ಕೂದಲು ಹಿಕ್ಕುತ್ತ ಕೂತಿದ್ದವಳು, ತನಗೇನೂ ಕಾಣಲಿಲ್ಲ, ಕೇಳಲೂ ಇಲ್ಲ ಎನ್ನುತ್ತಿದ್ದಳು. ಅವಳನ್ನು ಅಂಗಳದಲ್ಲಿ ಕೂರಿಸಿ, ಬಾಗಿಲು ಮುಚ್ಚಿಸಿ, ಪಿಎಸ್‌ಐ ಓಬಳೆಪ್ಪ ಜೀಪು ತರಿಸಿದ್ದ. ಹತ್ತಿದರೆ ಅವಳು ಇಳಿಯುವುದು ಜೈಲಿನಲ್ಲೇ.

ನಾನು ಸೈದಾನಬಿ, ಮೂವತ್ತು ವರ್ಷ ಆಸ್ಪತ್ರೆಯ ಆಯಾ. ನರ್ಸ್ ಶಿವಲಿಂಗಮ್ಮಕ್ಕ ನನ್ನ ಜೊತೆಗೇ ನಿವೃತ್ತಳಾದವಳು. ನಮ್ಮ ಓಣಿಯಲ್ಲಿ ಕಳವಾಗಲಿ, ಸಾವಾಗಲಿ, ಜನ ಮೊದಲು ಬಡಿಯುವುದು ಅವಳ ಬಾಗಿಲು.

ನಾವು ಹೋದಾಗ ಕಾರ್ಖಾನೆಯ ಮೇಸ್ತ್ರಿ ದುರುಗೇಶನೂ ಬಂದ. ದ್ರಾಕ್ಷಾಯಿಣಿಯ ಅಕ್ಕನ ಗಂಡ. ಎರಡು ದಿನದಿಂದ ಗಿಣಿಗೇರಾದಲ್ಲಿದ್ದವನು, ಒಡತಿ ಸತ್ತರೆಂದು ಕಾರ್ಖಾನೆಯ ಕೆಲಸದಾಕೆ ಬಾನುಬೀ ಫೋನು ಮಾಡಿದ ಮೇಲೆ ಬಂದಿದ್ದ. ಅಂಗಳದಲ್ಲಿ ನಿಂತೇ ಕೈಮುಗಿದ.

“ಸಾಹೇಬ್ರ, ನಮ್ಮ ಮನಿ ಹುಡುಗಿ ಖರೆ. ಆದ್ರ ಗಲ್ಲೇದ ಬಾಜೂಕ, ಫ್ಯಾನಿನ ಹತ್ರ ಕುಂತಾಕಿ ಏನೂ ಕಾಣಲಿಲ್ಲ ಅಂದ್ರ ಯಾರು ನಂಬ್ತಾರ್ರಿ?”

ನನಗೆ ಮೈಯೆಲ್ಲ ಉರಿಯಿತು. ಸ್ವಂತ ಭಾವನ ಬಾಯಲ್ಲಿ ಇಂಥ ಮಾತೇ!

ಶಿವಲಿಂಗಮ್ಮಕ್ಕ ಎಡಗಡೆಯಿಂದ ಹುಡುಗಿಯ ಹೆಸರು ಕರೆದಳು. ಉತ್ತರವಿಲ್ಲ. ಬಲಕ್ಕೆ ಬಂದು ಮೆಲ್ಲಗೆ ಕರೆದಾಗ ಅವಳು ಕುತ್ತಿಗೆ ಹೊರಳಿಸದೆ ಇಡೀ ಮೈಯನ್ನೇ ತಿರುಗಿಸಿದಳು.

“ಹುಟ್ಟಿನಿಂದ ಕುತ್ತಿಗಿ ಎಲುಬು ಕೂಡ್ಯಾವ್ರಿ,” ಎಂದಳು ಪಿಸುಮಾತಿನಲ್ಲಿ. “ಎಡಗಣ್ಣು ಹೊರಗ ಹೊಳ್ಳಂಗಿಲ್ಲ, ಎಡಗಿವಿ ಕೇಳಂಗಿಲ್ಲ. ಕೆಲಸ ಹೋದೀತಂತ ಇಲ್ಲಿ ಯಾರಿಗೂ ಹೇಳಿಲ್ರಿ. ಎಡಕ್ಕ ಗ್ವಾಡಿ ಮಾಡ್ಕೊಂಡು ಕುಂತ್ರ ಎಲ್ಲಾರೂ ಬಲಕ್ಕೇ ಇರ್ತಾರ.”

“ಇವತ್ತು?”

“ಮುಂಜಾನಿ ಬಂದು ನೋಡಿದ್ರ ನನ್ನ ಹಲಿಗಿ ಫ್ಯಾನಿನ ಹತ್ರ ಬಡದಿದ್ರು. ಅಮ್ಮಾರ ಹೇಳ್ಯಾರೇನೋ ಅಂತ ಸುಮ್ಮನಾದೆ.”

ಕೂದಲು ಬಿಡಿಸುವ ಆ ಮುಳ್ಳಿನ ಹಲಗೆಯನ್ನು ಒಳಗೆ ಹೋಗಿ ನೋಡಿದೆವು. ಹಳೆಯ ಜಾಗದಲ್ಲಿ, ಗೋಡೆಯ ಪಕ್ಕ, ನಾಲ್ಕು ಮೊಳೆಯ ತೂತು. ಹೊಸ ಜಾಗದಲ್ಲಿ ನಾಲ್ಕು ಹೊಸ ಮೊಳೆ. ಅಲ್ಲಿ ಕೂತರೆ ಬಲಗಿವಿಗೆ ಕೂದಲು ಒಣಗಿಸುವ ಫ್ಯಾನಿನ ಅಬ್ಬರ, ಎಡ ಹಿಂದಕ್ಕೆ ಗಲ್ಲೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಚ್ಚಿತ್ತು.

ಹೊರಗೆ ಬಂದಾಗ ಬಾನುಬೀ ಕಣ್ಣೊರೆಸಿಕೊಂಡಳು. “ಕರದ್ರ ಓ ಅನ್ನಂಗಿಲ್ಲ, ಸೊಕ್ಕಿನಾಕಿ ಅಂತಿದ್ವಿ ನಾವು. ಅಮ್ಮಾರು ಮಾತ್ರ ಅಕಿ ಕೈಕೆಲಸ ಭಾಳ ಮೆಚ್ಚಿದ್ರು. ಸೋಮವಾರದಿಂದ ಅಕೀನ ಮೇಸ್ತ್ರಿ ಅಂದಿದ್ರು.”

ಅಕ್ಕ ಎಲ್ಲರನ್ನೂ ಬೇವಿನ ಕೆಳಗೆ ಸೇರಿಸಿದಳು. “ದುರುಗೇಶ, ನಿನ್ನ ನಾದಿನಿಗೆ ನೀರು ಬೇಕೇನು ಕೇಳಪಾ.”

ಹುಡುಗಿಯ ಎಡಕ್ಕೆ ಎರಡೇ ಹೆಜ್ಜೆ ದೂರದಲ್ಲಿದ್ದವನು ಸುತ್ತು ಹಾಕಿ ಬಲಕ್ಕೆ ಬಂದು ಕೇಳಿದ, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.

“ನೋಡಿದ್ರೇನ್ರಿ, ಸಾಹೇಬ್ರ?” ಎಂದಳು ಅಕ್ಕ. “ಇಲ್ಲಿ ಉಳಿದವರು ಅಕಿಗೆ ಸೊಕ್ಕು ಅಂತ ತಿಳ್ಕೊಂಡಾರ. ಎಡಗಿವಿ ವಿಷಯ ಗೊತ್ತಿದ್ದಾಂವ ಇವನೊಬ್ಬನೇ. ಕಾರ್ಖಾನಿ ಇನ್ನೊಂದು ಕೀಲಿ ಮೇಸ್ತ್ರಿ ಹತ್ರಾನ ಇರ್ತದ. ನಿನ್ನೆ ಸಂಜಿಕಿ ಎಲ್ಲಾರೂ ಹೋದಮ್ಯಾಲ ಬಂದು ಹಲಿಗಿ ಕಿತ್ತು ಬಡದ. ಇವತ್ತು ಹಿತ್ತಲದಿಂದ ಬಂದು ಕೊಂದ. ಅಕಿಗೆ ಕಾಣಂಗಿಲ್ಲ, ಕೇಳಂಗಿಲ್ಲ. ಅಪವಾದ ಮಾತ್ರ ಅಕಿ ಮ್ಯಾಲ.”

“ನಾ ಗಿಣಿಗೇರಾದಾಗ ಇದ್ದೆ,” ಎಂದ ದುರುಗೇಶ.

“ಹಲಿಗಿ ಜಾಗ ಬದಲಾದದ್ದು ಇವತ್ತು ಮುಂಜಾನಿ ಕಂಡದ್ದು. ಗಿಣಿಗೇರಾದಿಂದ ಬಂದು, ಒಳಗ ಕಾಲಿಡೂದಕಿಂತ ಮೊದಲ, ಫ್ಯಾನಿನ ಹತ್ರ ಕುಂತಾಕಿ ಅಂದೆಲ್ಲ. ನಿನಗ್ಯಾರು ಹೇಳಿದ್ರು?”

ಬಾನುಬೀ ತಾನು ಹೇಳಿಲ್ಲವೆಂದು ತಲೆಯಾಡಿಸಿದಳು. ಕಾನ್‌ಸ್ಟೇಬಲ್ ತೋಳು ಹಿಡಿದಾಗ ದುರುಗೇಶ ಹಲ್ಲು ಕಡಿಯುತ್ತ ಅಂದ: “ತಲಿ ಹೊಳ್ಳಿಸಾಕ ಬರದಾಕಿ ಕೈಕೆಳಗ ನಾ ದುಡೀಬೇಕಿತ್ತೇನು? ಮುದುಕಿ ಅಕಿ ಹೆಸರು ಹಿಡಿದು ಎರಡು ಸಲ ಕರದ್ಲು. ಅಕಿ ಹಿಕ್ಕೋದು ಬಿಡಲಿಲ್ಲ.”

ಅದನ್ನು ಅವನು ಅಂದದ್ದು ಅವಳ ಎಡಕ್ಕೆ ನಿಂತು. ಜೀಪು ಹೋದ ಮೇಲೆ ದ್ರಾಕ್ಷಾಯಿಣಿ ನಮ್ಮ ಕಡೆ ಮೈ ತಿರುಗಿಸಿದಳು.

“ಭಾವ ಏನಂದ್ರು? ನನಗ ಎಡಗಿವಿ ಕೇಳಂಗಿಲ್ರಿ,” ಎಂದಳು. ಎಲ್ಲರೆದುರು ಅವಳು ಆ ಮಾತು ಹೇಳಿದ್ದು ಅದೇ ಮೊದಲು.

ಸುಳ್ಳು ಹೇಳೆಂದು ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಎಲ್ಲಿ ಕೇಳುತ್ತಾಳೆ ಅವಳು! ಬಲಕ್ಕೆ ಹೋಗಿ ಬಗ್ಗಿದಳು.

“ಅಮ್ಮಾರು ನಿನ್ನ ಕರದ್ರಂತವಾ. ಎರಡು ಸಲ.”

ಹುಡುಗಿ ಮೆಲ್ಲಗೆ ಎದ್ದು, ಮುಚ್ಚಿದ ಬಾಗಿಲಿನ ಕಡೆ ಇಡೀ ಮೈ ತಿರುಗಿಸಿ ನಿಂತಳು.

“ಓ,” ಎಂದಳು.

ಸ್ವಲ್ಪ ಬಿಟ್ಟು ಇನ್ನೊಮ್ಮೆ, “ಓ” ಎಂದಳು.