ಒಂದೇ ಚೆಂಡು, ಇಬ್ಬರು ಆಟಗಾರರು

"ಹ್ಞೂಂ... ಹೊಡೀರಿ!"

ಹಾಗೆಂದವನು ಗ್ರೆಗರ್. ಮರಳುಗುಂಡಿಯೊಳಗೆ ಸಿಟ್ಟಿನಿಂದ ಕುದಿಯುತ್ತ ನಿಂತಿದ್ದವಳು ಐಲ್ಸಾ. ಚೆಂಡನ್ನು ಅಲ್ಲಿಗೆ ಕಳಿಸಿದ್ದೂ ಅವನೇ!

ಇಬ್ಬರಿಗೂ ಪರಿಚಯವಾದದ್ದೇ ಆ ಬೆಳಿಗ್ಗೆ. ಸ್ಕಾಟ್ಲೆಂಡಿನ ಗುಡ್ಡಗಳ ನಡುವಿನ ಆ ರೆಸಾರ್ಟಿನಲ್ಲಿ ಮೂರು ಗಾಲ್ಫ್ ಮೈದಾನಗಳು: ಬೆಟ್ಟದ್ದು, ಹೊಳೆಯದ್ದು, ಕಾಡಿನದ್ದು. ರಜೆಗೆ ಬಂದವರ ಹೆಸರಿನ ಚೀಟಿ ಎತ್ತಿ ಜೋಡಿ ಮಾಡಿದ್ದರು. ಜೋಡಿಗೆ ಒಂದೇ ಚೆಂಡು. ಒಮ್ಮೆ ಅವನು, ಒಮ್ಮೆ ಇವಳು. ಒಬ್ಬರು ಎಲ್ಲಿ ಬೀಳಿಸುತ್ತಾರೋ ಅಲ್ಲಿಂದಲೇ ಇನ್ನೊಬ್ಬರು ಹೊಡೆಯಬೇಕು.

ಥೇಟ್ ಸಂಸಾರದ ಹಾಗೆ!

'ತಪ್ಪಾಯ್ತು, ಸಾರಿ ಅಂತ ಒಮ್ಮೆ ಅಂದರೆ ಇವನ ಗಂಟೇನು ಹೋಗುತ್ತೆ?' ಐಲ್ಸಾ ಒಳಗೊಳಗೇ ಗೊಣಗಿದಳು.

ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ಮಾಜಿ ಗಂಡನ ಬಾಯಿಂದ ಆ ಮಾತು ಒಮ್ಮೆಯೂ ಹೊರಟಿರಲಿಲ್ಲ. ಅಂಥ ಇನ್ನೊಬ್ಬ ಗಂಡಸಿನ ನೆರಳೂ ಬೇಡವೆಂದು ಅವಳು ಎಂದೋ ತೀರ್ಮಾನಿಸಿದ್ದಳು.

ಕೋಲು ಬೀಸಿದಳು. ಚೆಂಡು ಕದಲಲಿಲ್ಲ. ಮರಳು ಮಾತ್ರ ಹಾರಿ ಗ್ರೆಗರನ ಗಡ್ಡದಲ್ಲಿ ಕೂತಿತು!

ಅವನು ನಿಧಾನವಾಗಿ ಬಾಯಿ ಚಪ್ಪರಿಸಿದ. "ಚೆನ್ನಾಗಿದೆ. ಉಪ್ಪು ಸ್ವಲ್ಪ ಕಮ್ಮಿ."

ನಗಬಾರದೆಂದುಕೊಂಡೇ ನಕ್ಕುಬಿಟ್ಟಳು.

ಮಧ್ಯಾಹ್ನ ಅವಳು ಹೊಡೆದ ಚೆಂಡು ಉರುಳಿ ಹೋಗಿ ಮಲಗಿದ್ದ ಕುರಿಯ ಹೊಟ್ಟೆಯಡಿ ಸೇರಿತು. ಗ್ರೆಗರ್ ಪಶುವೈದ್ಯ. ಮಂಡಿಯೂರಿ ಕುರಿಯ ಕಿವಿಯಲ್ಲಿ, "ಏಳಮ್ಮಾ... ಈ ಮೊಟ್ಟೆ ನಿಂದಲ್ಲ," ಎಂದ.

ಐಲ್ಸಾಳ ಎದೆಯೊಳಗೆ ಏನೋ ಮೆತ್ತಗಾಯಿತು. ಅದಕ್ಕೇ ಸಂಜೆ ಅವನು, "ನಾಳೆ ಬೆಳಿಗ್ಗೆ ಎಂಟಕ್ಕೆ ಬೆಟ್ಟದ ಮೈದಾನದಲ್ಲಿ ಕಾಯ್ತಿರ್ತೀನಿ," ಎಂದಾಗ ತಲೆಯಾಡಿಸಿದಳು.

ಬೆಳಗಾದರೆ ದಟ್ಟ ಮಂಜು! ಬೆಟ್ಟದ ಮೈದಾನ ಮುಚ್ಚಿದೆಯೆಂದು ರೆಸಾರ್ಟಿನವರು ಎಲ್ಲರನ್ನೂ ಹೊಳೆಯ ಮೈದಾನಕ್ಕೆ ಕಳಿಸಿದರು. ಎಲ್ಲರೂ ಬಂದರು. ಗ್ರೆಗರ್ ಮಾತ್ರ ಬರಲಿಲ್ಲ. ಎಂಟಾಯಿತು... ಒಂಬತ್ತಾಯಿತು...

"ಚಿಕ್ಕಮ್ಮಾ, ನಾನು ಮಧ್ಯಾಹ್ನದ ಬಸ್ಸಿಗೆ ಹೊರಟೆ."

ಅವಳನ್ನು ಈ ರಜೆಗೆ ಎಳೆದುಕೊಂಡು ಬಂದಿದ್ದ ಚಿಕ್ಕಮ್ಮ ಎಫಿ ಬೆಂಚಿನ ಮೇಲೆ ಚಹಾ ಹೀರುತ್ತಿದ್ದಳು. "ಯಾಕೇ? ಆ ಗಡ್ಡದವನು ಕಚ್ಚಿದನಾ?"

"ನಿನ್ನೆ ಎಷ್ಟು ಸಲ ನನ್ನನ್ನ ಮರಳಲ್ಲಿ ನಿಲ್ಲಿಸಿದ! ಒಂದು ಸಲನಾದ್ರೂ ಸಾರಿ ಅಂದನಾ? ಇವತ್ತು ಮುಖಾನೇ ತೋರಿಸಿಲ್ಲ!"

ಎಫಿಗೆ ನಕ್ಕು ನಕ್ಕು ಚಹಾ ನೆತ್ತಿಗೇರಿತು. "ಅಯ್ಯೋ ಪೆದ್ದೀ! ಜೋಡಿಯಾಟದಲ್ಲಿ ಸಾರಿ ಕೇಳಬಾರದು ಕಣೇ. ಅಜ್ಜಂದಿರ ಕಾಲದ ಪದ್ಧತಿ. ಜೊತೆಗಾರ ಬೇಕಂತ ಕೆಟ್ಟದಾಗಿ ಹೊಡೆಯಲ್ಲ ಅಂತ ನಂಬಿದ ಮೇಲೆ ಸಾರಿ ಯಾಕೆ? ಅದಿರ್ಲಿ, ಚೆಂಡನ್ನ ಕುರಿ ಕೆಳಗೆ ಕಳಿಸಿದ್ಯಲ್ಲ, ನೀನು ಕೇಳಿದ್ಯಾ?"

ಐಲ್ಸಾ ನಿನ್ನೆಯ ಕುರಿಯನ್ನು ನೆನಪಿಸಿಕೊಂಡಳು.

ಕೇಳಿರಲಿಲ್ಲ! ಅವನೂ ಅದಕ್ಕಾಗಿ ಕಾದಿರಲಿಲ್ಲ...

ಆಗ ಮಂಜಿನೊಳಗಿಂದ ಯಾರೋ ಏದುಸಿರು ಬಿಡುತ್ತ ಬಂದರು. ಮೈಯೆಲ್ಲ ಕೆಸರು. ಗ್ರೆಗರ್!

"ಬೆಟ್ಟದ ಮೇಲೆ ಕಾದೆ. ಮುಚ್ಚಿದೆ ಅನ್ನೋಕೆ ಅಲ್ಲಿ ಒಂದು ನರಪಿಳ್ಳೇನೂ ಇರ್ಲಿಲ್ಲ. ಆಮೇಲೆ ಕಾಡಿನ ಮೈದಾನಕ್ಕೆ ಓಡಿದೆ. ಅಲ್ಲಿ ನಿಮ್ಮ ಬಿಳಿ ಸ್ವೆಟರ್ ಕಂಡು ಬಾಯಿಗೆ ಬಂದದ್ದೆಲ್ಲ ಹೇಳಿಬಿಟ್ಟೆ."

"ನಾನು ಇಲ್ಲೇ ಇದ್ದೆನಲ್ಲ?"

"ಅದು... ಕುರಿ."

"ನೀವು ಪಶುವೈದ್ಯರಲ್ವಾ?"

"ಮಂಜು ದಟ್ಟವಾಗಿತ್ತು."

ಐಲ್ಸಾ ನಗು ತಡೆದಳು. "ಅದಕ್ಕೆ ಏನು ಹೇಳಿದ್ರಿ?"

ಅವನ ಕಿವಿ ಕೆಂಪಾಯಿತು. "ನಿನ್ನೆಯಷ್ಟು ಕೆಟ್ಟದಾಗಿ ನಾನು ಯಾವತ್ತೂ ಆಡಿಲ್ಲ... ಅಷ್ಟು ಖುಷಿಯಾಗಿಯೂ ಆಡಿಲ್ಲ. ನಿಮ್ಮ ಜೊತೆ ದಿನಾ ಆಡಬೇಕು ಅನ್ಸುತ್ತೆ ಅಂತ."

"ಕುರಿ ಏನಂತು?"

"ಅವರಿಗೇ ಹೋಗಿ ಹೇಳು ಅಂತು." ಅವನು ಟೋಪಿ ತೆಗೆದ. "ಕಾಯಿಸಿಬಿಟ್ಟೆ. ಸಾರಿ, ಐಲ್ಸಾ. ಇವತ್ತಿನ ಆಟ ಇನ್ನೂ ಶುರುವಾಗಿಲ್ಲ, ಕೇಳಬಹುದು."

ವರ್ಷಗಟ್ಟಲೆ ಕಾದಿದ್ದ ಮಾತು! ಕಣ್ಣು ಮಂಜಾಯಿತು. ಅದನ್ನು ಮರೆಮಾಚಲು ಅವಳು ಚೆಂಡಿಟ್ಟು ಬೀಸಿಯೇಬಿಟ್ಟಳು. ಅದು ನೇರ ಹೊಳೆಯಂಚಿನ ಜೊಂಡಿಗೆ ಹೋಗಿ... ಪಚಕ್!

"ಅಯ್ಯೋ, ಸಾ..."

ಗ್ರೆಗರ್ ತುಟಿಯ ಮೇಲೆ ಬೆರಳಿಟ್ಟ. "ಶ್! ಈಗ ಆಟ ಶುರುವಾಯ್ತು."

ಅವನು ಆಗಲೇ ಪ್ಯಾಂಟಿನ ಕಾಲು ಮಡಚುತ್ತಿದ್ದ.

"ನಾನು ಎಲ್ಲಿ ಬೀಳಿಸಿದ್ರೂ ಹೋಗಿ ಹೊಡೀತೀರಾ?"

"ಎಲ್ಲಿ ಬೀಳಿಸಿದ್ರೂ."

ಐಲ್ಸಾ ಅವನ ಕೆಸರುಗೈ ಹಿಡಿದು ಹೊಳೆಯತ್ತ ಇಳಿದಳು.