ಬಹುವಚನದಲ್ಲಿ ಮಾತಾಡಿದ ಅಣಬೆ

ಬಹಳ ಹಿಂದೆ, ಕಾಡಿನ ಅಣಬೆಗಳಿಗೂ ಬಾಯಿದ್ದ ಕಾಲದಲ್ಲಿ, ಹೊಂಬಳ್ಳಿ ಎಂಬ ರಾಜ್ಯವಿತ್ತು. ಅಲ್ಲಿನ ದೊರೆಗೆ ಒಣ ಅಣಬೆಯ ಸಾರೆಂದರೆ ಪ್ರಾಣ. ಆದರೆ ಮೊದಲ ತುತ್ತನ್ನು ಅವನು ಉಣ್ಣುತ್ತಿರಲಿಲ್ಲ. ಅದಕ್ಕೆಂದೇ ಬೊಮ್ಮಕ್ಕ ಎಂಬ ಹುಡುಗಿಯನ್ನು ನೇಮಿಸಿದ್ದ. ಅಣಬೆ ಒಣಗಿಸಿ ಕಳಿಸುವವಳು ಅವಳ ತಾಯಿ ಸಣ್ಣೀರವ್ವ. ಅರಮನೆ ಇದನ್ನು ಒಳ್ಳೆಯ ವ್ಯವಸ್ಥೆ ಎಂದು ಭಾವಿಸಿತ್ತು.

ಆಗ ಜಿನುಗಾಕ್ಷನೆಂಬ ಮಾಂತ್ರಿಕನಿದ್ದ. ಅವನ ಶಕ್ತಿಯೆಲ್ಲ ಮೈಯ ಪಸೆಯಲ್ಲಿತ್ತು. ಅವನು ಅಣಬೆಯಾಗಿ ಸಾರಿಗೆ ಬಿದ್ದರೆ, ಉಂಡವರೆಲ್ಲ ಅವನ ಗೊಂಬೆಗಳು. ನೆರೆಯ ಮೂವರು ದೊರೆಗಳು ಆಗಲೇ ಗೊಂಬೆಗಳಾಗಿದ್ದರು. ಅದು ಪ್ರಜೆಗಳ ಗಮನಕ್ಕೆ ಬರಲು ಮೂರು ವರ್ಷ ಹಿಡಿಯಿತು. ಆಮೇಲೆ ಸುದ್ದಿ ಹೊಂಬಳ್ಳಿಗೂ ಬಂತು.

ಒಂದು ಬೆಳಿಗ್ಗೆ ಸಣ್ಣೀರವ್ವ ಬುಟ್ಟಿ ತುಂಬ ಕಾಡಣಬೆ ತಂದಳು. ತೊಳೆಯಲಿಲ್ಲ, ಬಟ್ಟೆಯಿಂದ ಮಣ್ಣು ಒರೆಸಿ, ಒಂದಕ್ಕೊಂದು ತಾಗದಂತೆ ಬೆರಳಷ್ಟು ಜಾಗ ಬಿಟ್ಟು ದಾರಕ್ಕೆ ಪೋಣಿಸತೊಡಗಿದಳು.

“ಚುಚ್ಚಬೇಡವೇ ಮುದುಕಿ! ನಿನ್ನ ಕೈ ಸೇದಿಹೋಗ!” ಎಂದು ಅಣಬೆಗಳು ಬೈದವು. ಅದು ಮಾಮೂಲು.

“ಎಂಥ ಹೂವಿನಂಥ ಕೈ ತಾಯಿ ನಿಮ್ಮದು,” ಎಂದಿತು ಒಂದು.

ಸಣ್ಣೀರವ್ವನ ಸೂಜಿ ನಿಂತಿತು. ನಲವತ್ತು ವರ್ಷಗಳಲ್ಲಿ ಯಾವ ಅಣಬೆಯೂ ಅವಳಿಗೆ ಬಹುವಚನ ಬಳಸಿರಲಿಲ್ಲ.

ಎರಡನೆಯ ದಿನ ಬಿಸಿಲಿಗೆ ಎಲ್ಲವೂ ಸುರುಟಿದವು, ಬೈಗುಳವೂ ಸಣ್ಣಗಾಯಿತು. ಆ ಒಂದು ಮಾತ್ರ ದುಂಡಗೇ ಇತ್ತು. “ಬಿಸಿಲು ಬಹಳ ಹಿತವಾಗಿದೆ ತಾಯಿ. ನನ್ನಿಂದ ತೊಂದರೆಯಿಲ್ಲವಷ್ಟೆ?”

ರಜೆಗೆ ಬಂದಿದ್ದ ಬೊಮ್ಮಕ್ಕ ತಾಯಿಯ ಕಿವಿಯಲ್ಲಿ ಹೇಳಿದಳು: “ಅವ್ವಾ, ಇವನೇ. ಎಸೆದುಬಿಡು.”

“ಎಸೆದರೆ ಇನ್ನೊಬ್ಬಳ ಬುಟ್ಟಿ ಹತ್ತಿ ಬರ್ತಾನೆ. ಯಾರು ತಂದರೂ ಮೊದಲು ಉಣ್ಣೋಳು ನೀನೇ ಅಲ್ವೇನೇ?”

ಮೂರನೆಯ ದಿನ ಅರಮನೆಯ ಗಾಡಿ ಬಂತು. ಸಣ್ಣೀರವ್ವ ಜಾಡಿ ತೆರೆದಿಟ್ಟು, ಎಲ್ಲಕ್ಕಿಂತ ಮೊದಲು ಆ ಅಣಬೆಯನ್ನೇ ಹಿಡಿದು ಬಗ್ಗಿಸಿದಳು. ಅದು ಆಸ್ಥಾನದವರಂತೆ ನಯವಾಗಿ ಬಗ್ಗಿತು.

“ಇನ್ನೂ ಹಸಿ. ನೀನು ಸೇರಿದರೆ ಜಾಡಿಗೆಲ್ಲ ಬೂಷ್ಟು ಹಿಡಿಯುತ್ತೆ. ಇಲ್ಲೇ ಇರು.”

“ಎಷ್ಟು ಒಣಗಬೇಕು ತಾಯಿ?”

“ಪೂರ್ತಿ.”

ಜಿನುಗಾಕ್ಷ ಯೋಚಿಸಿದ. ಜಾಡಿ ಸೇರಿದರೆ ಅರಮನೆ, ಅರಮನೆಯಲ್ಲಿ ಸಾರು, ಸಾರಿನಲ್ಲಿ ನೀರು ಹೀರಿ ಮತ್ತೆ ಉಬ್ಬಬಹುದು. ಉಸಿರು ಬಿಗಿಹಿಡಿದು ಕೊನೆಯ ಹನಿಯನ್ನೂ ಬಿಟ್ಟುಕೊಟ್ಟ.

“ಈಗ ನೋಡಿ ತಾಯಿ.”

ಸಣ್ಣೀರವ್ವ ನೋಡಿದಳು. ಅಣಬೆ ಒಣಗಿದೆಯೋ ಇಲ್ಲವೋ ಎಂದು ನೋಡುವುದು ಮುರಿದು. ಮಾಂತ್ರಿಕನಿಗೆ ಇದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವನ ಅನುಭವವೆಲ್ಲ ಪಾತ್ರೆಯ ಒಳಗಿನದು.

ಪಟ್!

“ಒಣಗಿದೆ,” ಎಂದು ಎರಡೂ ತುಂಡುಗಳನ್ನು ಉರಿಯುವ ಒಲೆಗೆ ಹಾಕಿದಳು. ಅತ್ತ ಮೂರು ರಾಜ್ಯಗಳಲ್ಲಿ ಮೂವರು ದೊರೆಗಳು ಆಕಳಿಸಿ ಎಚ್ಚೆತ್ತು, ಇಷ್ಟು ದಿನ ಇಲ್ಲಿ ಆಳಿದವರು ಯಾರೆಂದು ಮಂತ್ರಿಗಳನ್ನು ಕೇಳಿದರು.

ಆದರೂ ಸಣ್ಣೀರವ್ವನಿಗೆ ಅನುಮಾನ ಹೋಗಲಿಲ್ಲ. ಅರಮನೆಗೆ ತಾನೇ ಹೋಗಿ ಮಗಳ ಮುಂದೆ ಕುಳಿತಳು. ಬೊಮ್ಮಕ್ಕ ಮೊದಲ ತುತ್ತು ಉಂಡಳು.

“ಉಪ್ಪು ಕಮ್ಮಿ ಕಣವ್ವ.”

ತಾಯಿಯ ಜೀವಕ್ಕೆ ಸಮಾಧಾನವಾಯಿತು. ಇದು ತನ್ನ ಮಗಳೇ.

ಆಮೇಲೆ ದೊರೆ ಉಂಡು, “ಎಂಥ ಅಮೃತದಂಥ ಸಾರು ತಾಯಿ ನಿಮ್ಮದು!” ಎಂದ.

ಸಣ್ಣೀರವ್ವ ಅವನ ಕಿರುಬೆರಳು ಹಿಡಿದು ಬಗ್ಗಿಸಿ ನೋಡಿದಳು.

ಅಂದಿನಿಂದ ಹೊಂಬಳ್ಳಿಯಲ್ಲಿ ಎಲ್ಲರೂ ಸುಖವಾಗಿದ್ದರು, ದೊರೆಯ ಕಿರುಬೆರಳೊಂದನ್ನು ಬಿಟ್ಟು.